ನೊರಜು ವಿಮಾನ

"ಇದು ವಿಮಾನ ಅಲ್ಲ, ವಿಮಾನದ ಪಾಸ್‌ಪೋರ್ಟ್ ಫೋಟೊ," ಎಂದು ಪ್ರಭುಸ್ವಾಮಿ ಮೇಷ್ಟ್ರು ಇನ್ನೂ ಬೆಚ್ಚಗಿದ್ದ ಹಾಳೆಗಳನ್ನು ಜೆರಾಕ್ಸ್ ಅಂಗಡಿಯ ಗಾಜಿನ ಮೇಜಿನ ಮೇಲೆ ಎಸೆದರು.

ಅಂಗಡಿಯ ಮೂರ್ತಿ ಹಾಳೆಗಳನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಕತ್ತರಿಸಿ ಅಂಟಿಸಲೆಂದು ಬಿಡಿಬಿಡಿಯಾಗಿ ರೆಕ್ಕೆ ಇತ್ತು, ಬಾಲ ಇತ್ತು, ಚಕ್ರವೂ ಇತ್ತು. "ಎಲ್ಲಾ ಬಂದದಲ್ಲ ಸಾ. ಒಂದ್ ಗೆರೆನೂ ಕಟ್ಟಾಗಿಲ್ಲ."

"ಕಟ್ಟಾಗದೆ ಇರಲಿ ಅಂತ ಪೇಜಿಗೆ ಹೊಂದಿಸಿ ಕುಗ್ಗಿಸಿದ್ದೀಯ. ಹೊಂದಿಸೋಕೆ ಇದೇನು ಮದುವೆ ಸಂಬಂಧವಾ? ಅಳತೆ ಇದ್ದ ಹಾಗೇ ಬರಬೇಕು ಅಂದಿದ್ದೆ. ದಪ್ಪ ಕಾಗದ ಅಂದಿದ್ದೆ. ಇದು ಬೋಂಡಾ ಕಟ್ಟೋ ಕಾಗದ."

"ಯಾರ್ ಸಾ ಸ್ಕೇಲ್ ಇಡ್ಕಂಡ್ ನೋಡ್ತರೆ ಇದ್ನ?"

ಈ ಮಾತನ್ನು ಮೇಷ್ಟ್ರು ಜೀವಮಾನವಿಡೀ ಕೇಳಿಸಿಕೊಂಡಿದ್ದರು. ಹನೂರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಅಷ್ಟೂ ವರ್ಷ ಹೆಡ್‌ಮಾಸ್ತರರು ಇದನ್ನೇ ಹೇಳುತ್ತಿದ್ದರು, ಗಣಿತದ ಮೇಷ್ಟ್ರು ಹೇಳುತ್ತಿದ್ದರು, ಮಕ್ಕಳು ಬಾಯಿಬಿಟ್ಟು ಹೇಳದೆ ಕೈಯಲ್ಲಿ ಮಾಡಿ ತೋರಿಸುತ್ತಿದ್ದರು. ಬೆಟ್ಟ ಬರೆಯಿರಿ ಅಂದರೆ ಎರಡು ತ್ರಿಕೋನ, ನಡುವೆ ಅರ್ಧ ಸೂರ್ಯ, ಮುಂದೊಂದು ತೆಂಗಿನಮರ. ಬೆಟ್ಟ ಹೇಗಿರುತ್ತದೆಂದು ತಿಳಿಯಲು ಹನೂರಿನಲ್ಲಿ ಕಿಟಕಿಯಿಂದಾಚೆ ಕತ್ತು ಹೊರಳಿಸಿದರೆ ಸಾಕಿತ್ತು. ಅಷ್ಟು ವರ್ಷಗಳಲ್ಲಿ ಒಂದು ಕತ್ತೂ ಹೊರಳಲಿಲ್ಲ. ನಿವೃತ್ತರಾಗಿ ಕೊಳ್ಳೇಗಾಲದ ಮನೆಗೆ ಬಂದಮೇಲೆ ಅವರ ತಿರಸ್ಕಾರಕ್ಕೆ ಇನ್ನಷ್ಟು ಜಾಗ ಸಿಕ್ಕಿತು. ರೇಷ್ಮೆ ಅಂಗಡಿಗಳ ಬೋರ್ಡಿನ ಒತ್ತಕ್ಷರಗಳು, ಸರ್ಕಲ್ಲಿನಲ್ಲಿ ನಿಲ್ಲಿಸಿದ್ದ ಸಿಮೆಂಟಿನ ಆನೆಯ ಮೊಣಕಾಲು, ಅಚ್ಚಿಟ್ಟು ಜರಡಿಯಾಡಿ ಹೆಂಡತಿ ರತ್ನ ಹಾಕುವ ರಂಗೋಲಿ, ಯಾವುದನ್ನೂ ಅವರು ಬಿಡಲಿಲ್ಲ.

ಮೂರ್ತಿಯನ್ನು ಬೈದು, ಎದುರಿಗೇ ನಿಂತು, ಎರಡನೆಯ ಸಲ ಸರಿಯಾಗಿ ಪ್ರಿಂಟ್ ತೆಗೆಸಿದರು. ತಪ್ಪಾದ ಹಾಳೆಗಳನ್ನೂ ಬಿಡದೆ ತಂದರು. ತಮ್ಮ ವಿಮಾನದ ರೆಕ್ಕೆಯ ಮೇಲೆ ಇನ್ಯಾರೋ ಬೋಂಡಾ ಇಟ್ಟುಕೊಂಡು ತಿನ್ನುವುದು ಅವರಿಗೆ ಬೇಕಿರಲಿಲ್ಲ. ಅಡುಗೆಮನೆಯ ಶೆಲ್ಫಿಗೆ ಹಾಸಲು ಕಾಗದ ಬೇಕೆಂದಿದ್ದ ರತ್ನಳಿಗೆ ಅವನ್ನು ಕೊಟ್ಟು ಮಹಡಿ ಹತ್ತಿದರು.

ಮಹಡಿಯ ಕೋಣೆ ಅವರದು. ಹಳೆಯ ಕಾಲದ ಯುದ್ಧವಿಮಾನಗಳು ಅಲ್ಲಿ ದಾರದಲ್ಲಿ ನೇತಾಡುತ್ತಿದ್ದವು, ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತಿದ್ದವು. ಎಲ್ಲವೂ ಕಾಗದದವು. ಪ್ಲಾಸ್ಟಿಕ್ಕಿನ ಕಿಟ್ ತಂದು ಅಂಟಿಸುವವರನ್ನು ಮೇಷ್ಟ್ರು ಮನುಷ್ಯರೆಂದೇ ಎಣಿಸುತ್ತಿರಲಿಲ್ಲ. ಒಂದು ಸಲ ತಾಲ್ಲೂಕು ಮಟ್ಟದ ವಸ್ತುಪ್ರದರ್ಶನಕ್ಕೆ ಒಂದು ಬಾಂಬರನ್ನು ಕೊಟ್ಟಿದ್ದರು. ಉದ್ಘಾಟನೆಗೆ ಬಂದವರು ಭಾಷಣ ಮುಗಿಸಿ, ಕೊರಳಿನ ಹಾರ ತೆಗೆದು ಅದರ ರೆಕ್ಕೆಯ ಮೇಲೆ ಇಟ್ಟರು. ಆಮೇಲೆ ಯಾವ ವಿಮಾನವೂ ಆ ಕೋಣೆಯ ಬಾಗಿಲು ದಾಟಲಿಲ್ಲ.

ಈಗ ಮಾಡಹೊರಟಿದ್ದ ವಿಮಾನ ಮಾತ್ರ ಬೇರೊಬ್ಬರಿಗಾಗಿ. ಅದಕ್ಕೆ ಕಾರಣ ಲೈನ್‌ಮನ್ ಮಾದಸ್ವಾಮಿ. ಆಷಾಢದ ಗಾಳಿಗೆ ತಂತಿ ಕಡಿದುಬಿದ್ದಾಗ ಅವನು ಮನೆಮುಂದಿನ ಕಂಬ ಹತ್ತಿದ್ದ. ಮಹಡಿಯ ಕಿಟಕಿ ಅವನ ಕಣ್ಣಿಗೆ ನೇರವಾಗಿತ್ತು. ಕಂಬದ ಮೇಲಿಂದಲೇ, "ಸಾ, ಅದ್ರಲ್ಲಿ ನ್ಯಾಟ್ ಇಮಾನ ಅದಾ?" ಎಂದು ಕೂಗಿದ. ಇಲ್ಲ ಎಂದು ಮೇಷ್ಟ್ರು ಕಿಟಕಿ ಮುಚ್ಚಿದರು. ಕಂಬ ಹತ್ತುವವನ ಬಾಯಲ್ಲಿ ಗ್ನ್ಯಾಟ್ ಎಂಬ ಹಳೆಯ ಯುದ್ಧವಿಮಾನದ ಹೆಸರು ಬಂದದ್ದು ಅವರಿಗೆ ಆಶ್ಚರ್ಯವಾಗಿತ್ತು. ಆಶ್ಚರ್ಯಪಡುವುದು ಅವರಿಗೆ ಇಷ್ಟವಾಗುತ್ತಿರಲಿಲ್ಲ.

ಮುಂದಿನ ವಾರ ಅವನು ತಾಯಿಯನ್ನು ಕರೆದುಕೊಂಡು ಬಂದ. ಯಳಂದೂರು ತಾಲ್ಲೂಕಿನ ಅಗರದವರು. ಗೋವಿಂದಮ್ಮ ಒಣಗಿದ ನುಗ್ಗೆಕಾಯಿಯಂತೆ ಸಣ್ಣಗೆ, ನೇರವಾಗಿದ್ದಳು. ತಂದಿದ್ದ ಸೊಪ್ಪಿನ ಕಟ್ಟನ್ನು ರತ್ನಳ ಕೈಗೆ ಕೊಟ್ಟು, ಕುರ್ಚಿ ತೋರಿಸಿದರೂ ಬಾಗಿಲ ಬಳಿ ನೆಲದ ಮೇಲೆ ಕುಳಿತಳು.

"ನಮ್ಮ ಯಜಮಾನ ಓದ್ ವರ್ಸ ತೀರ್ಕಂಡ ಸಾ. ಒನ್ನಯ್ಯ ಅಂತ. ಏರ್‌ಪೋರ್ಸಲ್ಲಿ ಪಿಟ್ಟರ್ ಆಗಿದ್ದ. ಪಕ್ಸದ ಅಬ್ಬಕ್ಕೆ ಎಡೆ ಮಡಗ್ಬೇಕು. ಎಡೇಲಿ ಆವಯ್ಯಂಗೆ ಬೇಕಾದ್ದೆಲ್ಲ ಇರ್ಬೇಕಲ್ವಾ. ಅದ್ಕೆ ಒಂದ್ ಇಮಾನ ಮಾಡ್ಕೊಡಿ. ಅದ್ಯಾವ್ದೋ ನೊರ್ಜು ಇಮಾನ ಅಂತೆ, ಅದು."

"ನೊರಜು ಅಲ್ಲ, ಗ್ನ್ಯಾಟ್."

"ಇಂಗ್ಲಿಸಲ್ಲಿ ನ್ಯಾಟ್ ಅಂದ್ರೆ ನೊರ್ಜೇ ಅಂತಲ್ಲ ಸಾ? ಆವಯ್ಯನೇ ಯೋಳ್ತಿದ್ದ. ಸಣ್ಣದು, ಆದ್ರೆ ಕಣ್ಣೊಳ್ಗೆ ನುಗ್ಬುಡ್ತದೆ ಅಂತ."

ಮೇಷ್ಟ್ರು ಆಗುವುದಿಲ್ಲ ಎಂದರು. ಕೋಳಿಸಾರಿನ ಪಕ್ಕ ಇಡುವುದಕ್ಕೆ ತಾವು ವಿಮಾನ ಮಾಡುವುದಿಲ್ಲ, ಬೇಕಿದ್ದರೆ ಸಂತೆಯಲ್ಲಿ ಆಟದ ಸಾಮಾನು ಸಿಗುತ್ತದೆ ಎಂದರು. ಗೋವಿಂದಮ್ಮ ಬೇಸರಪಡಲಿಲ್ಲ. ಮಡಿಲಿನಿಂದ ಪ್ಲಾಸ್ಟಿಕ್ ಕವರು ತೆಗೆದು ಅದರೊಳಗಿನ ಫೋಟೊವನ್ನು ನೆಲದ ಮೇಲೆ ಅವರ ಕಡೆಗೆ ಸರಿಸಿದಳು.

ಕಪ್ಪು ಬಿಳುಪಿನ ಫೋಟೊ. ಮೈಗೆಲ್ಲ ಒಂದೇ ಅಂಗಿ ತೊಟ್ಟ ಎಳೆಯ ಹುಡುಗನೊಬ್ಬ ವಿಮಾನದ ಪಕ್ಕೆಗೆ ಕೈಯೂರಿ ನಿಂತಿದ್ದ. ಹೊಸದಾಗಿ ಮದುವೆಯಾದವರು ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು ನಿಲ್ಲುತ್ತಾರಲ್ಲ, ಹಾಗೆ. "ನನ್ ಜೊತ್ಗೆ ಇಂಗೆ ಒಂದ್ ಪೋಟಾನೂ ತೆಗಿಸ್ಕಂಡೋನಲ್ಲ," ಎಂದಳು ಗೋವಿಂದಮ್ಮ. ಮೇಷ್ಟ್ರಿಗೆ ಅದು ಕೇಳಿಸಲಿಲ್ಲ. ಅವರು ಭೂತಗನ್ನಡಿ ತಂದು ನೋಡುತ್ತಿದ್ದರು. ಗಾಳಿ ಒಳಗೆಳೆದುಕೊಳ್ಳುವ ಕಿಂಡಿಯ ಕೆಳಗೆ, ಹುಡುಗನ ಕೈಯಿಂದ ಗೇಣು ದೂರದಲ್ಲಿ, ತಗಡಿಗೆ ಹಾಕಿದ ಒಂದು ತೇಪೆ ಇತ್ತು. ಅದರ ರಿವೆಟ್‌ಗಳನ್ನು ಎಣಿಸಬಹುದಿತ್ತು. ಇಂಟರ್ನೆಟ್ಟಿನಲ್ಲಿ ಸಿಗುವ ಸಾವಿರ ಚಿತ್ರಗಳಲ್ಲಿ ಇಲ್ಲದ, ಇದೊಂದೇ ವಿಮಾನಕ್ಕೆ ಆಗಿದ್ದ ಗಾಯ.

"ಫೋಟೊ ಇಲ್ಲಿರಲಿ," ಎಂದರು ಮೇಷ್ಟ್ರು.

ಆಮೇಲಿನ ವಾರಗಳಲ್ಲಿ ಅವರು ಊಟಕ್ಕೆ ಕರೆದರೆ ಮಾತ್ರ ಕೆಳಗೆ ಬರುತ್ತಿದ್ದರು. ರೇಷ್ಮೆ ಸೀರೆಯ ಡಬ್ಬಿಗಳ ರಟ್ಟನ್ನು ಕತ್ತರಿಸಿ ವಿಮಾನದ ಪಕ್ಕೆಲುಬುಗಳನ್ನು ಮಾಡಿದರು. ಮೇಲುಹೊದಿಕೆಯ ಕಾಗದವನ್ನು ಹೆಣಿಗೆ ಕಡ್ಡಿಯ ಮೇಲೆ ಉರುಳಿಸಿ ಉರುಳಿಸಿ, ಅದು ತಾನಾಗಿಯೇ ದುಂಡಗೆ ಸುರುಳಿಯಾಗಲು ಒಪ್ಪುವವರೆಗೂ ಬಿಡಲಿಲ್ಲ. ಕತ್ತರಿಸಿದ ಪ್ರತಿ ಅಂಚಿಗೂ ಕುಂಚದ ತುದಿಯಿಂದ ಬಣ್ಣ ಮುಟ್ಟಿಸಿದರು. ಕಾಗದದ ಒಳಗಿನ ಬಿಳಿ ಕಂಡರೆ ಅಲ್ಲಿಗೆ ಸುಳ್ಳು ಬಯಲಾದಂತೆ. ಮೊಂಡು ಸೂಜಿಯಿಂದ ಹಿಂಬದಿಯಲ್ಲಿ ಚುಚ್ಚಿ ರಿವೆಟ್‌ಗಳನ್ನು ಎಬ್ಬಿಸಿದರು. ಮಿಠಾಯಿ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳವನ್ನು ಬಿಸಿಮಾಡಿ ಪೈಲಟ್ಟಿನ ತಲೆಯ ಮೇಲಿನ ಗಾಜಿನ ಗುಮ್ಮಟ ತೆಗೆದರು. ಚಕ್ರಗಳು ಮಡಚಿಕೊಂಡು ಸೇರುವ ಹೊಟ್ಟೆಯೊಳಗಿನ ಗೂಡಿಗೂ ಕೊಳವೆ, ತಂತಿ, ಎಲ್ಲ ಇಟ್ಟರು. ಅದನ್ನು ನೋಡಬೇಕಾದರೆ ವಿಮಾನವನ್ನು ತಲೆಕೆಳಗು ಮಾಡಬೇಕು. ಮಾಡುವವರು ಯಾರೂ ಇರಲಿಲ್ಲ. ಕೊನೆಗೆ ತೇಪೆಯನ್ನೂ ಹಾಕಿದರು.

ಮುಗಿದ ದಿನ ಅದನ್ನು ಕಿಟಕಿಯ ಬೆಳಕಿನಲ್ಲಿಟ್ಟು ನೋಡಿದಾಗ, ಅವರ ಜೀವನದಲ್ಲಿ ಅಪರೂಪಕ್ಕೆ, ತೆಗಳಲು ಏನೂ ಸಿಗಲಿಲ್ಲ. ಅದೇ ತೊಂದರೆಯಾಯಿತು. ಇದನ್ನು ಅಗರಕ್ಕೆ ಕಳಿಸಿದರೆ ಏನಾಗುತ್ತದೆಂದು ಅವರ ಕಣ್ಣಿಗೆ ಕಟ್ಟಿತು. ಅರಿಶಿನ ಕುಂಕುಮ ಮೆತ್ತುತ್ತಾರೆ. ಊದುಬತ್ತಿಯನ್ನು ಎಂಜಿನ್ನಿನ ತೂತಿಗೆ ಸಿಕ್ಕಿಸುತ್ತಾರೆ. ಎಣ್ಣೆಗೈಯಲ್ಲಿ ಎತ್ತಿ, ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿ, "ಅಚ್ಚುಕಟ್ಟಾಗಿ ಮಾಡವ್ರೆ" ಎನ್ನುತ್ತಾರೆ. ಆ ಹೊಗಳಿಕೆಯನ್ನು ನೆನೆದೇ ಅವರಿಗೆ ಮೈ ಉರಿಯಿತು. ವಿಮಾನವನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿ, ನೇರ ಅಡುಗೆಮನೆಗೆ ಇಳಿದರು.

"ಡಬ್ಬಗಳನ್ನ ತೆಗಿ," ಎಂದರು.

ಶೆಲ್ಫಿಗೆ ಹಾಸಿದ್ದ ಹಾಳೆಗಳಲ್ಲಿ ಒಂದರ ಮೇಲೆ ಖಾರದಪುಡಿ ಡಬ್ಬದ ಗುಂಡನೆಯ ಕಲೆ ಬಿದ್ದಿತ್ತು. ಪರವಾಗಿಲ್ಲ, ಬಣ್ಣ ಬಳಿದರೆ ಮುಚ್ಚುತ್ತದೆ. ಮಧ್ಯಾಹ್ನ ಕುಳಿತವರು ಸಂಜೆಯ ಕಾಫಿಯ ಹೊತ್ತಿಗೆ ಇನ್ನೊಂದು ವಿಮಾನ ಮುಗಿಸಿ ಎದ್ದರು. ಪಕ್ಕೆಲುಬು ಹತ್ತರ ಕಡೆ ಎರಡು. ಗಾಜಿನ ಜಾಗಕ್ಕೆ ನೀಲಿ ಬಣ್ಣ. ಚಕ್ರಕ್ಕೆ ಒಂದೊಂದು ಬಿಲ್ಲೆ. ಅಂಚುಗಳು ಬೆಳ್ಳಗೆ ಹಲ್ಲು ಕಿರಿಯುತ್ತಿದ್ದವು. ಮೂಗನ್ನು ಒಳಗೆ ಆಧಾರವಿಲ್ಲದೆ ಬರೀ ಅಂಟಿನಲ್ಲೇ ನಿಲ್ಲಿಸಿದ್ದರು.

ರತ್ನ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಮೊದಲು ಬೀರುವಿನ ಕಡೆಗೆ, ಆಮೇಲೆ ಮೇಜಿನ ಕಡೆಗೆ ನೋಡಿದಳು. "ಇದ್ನ ಕೊಡ್ತೀರಾ ಅವ್ರಿಗೆ?"

"ಅವರಿಗೆ ಇದೇ ಹೆಚ್ಚು."

"ಆಯಮ್ಮ ಎರಡು ಸಲ ಸೊಪ್ಪು ಕಳ್ಸವ್ಳೆ ಕಣ್ರೀ."

"ಸೊಪ್ಪಿನ ಅಳತೆಗೆ ಸರಿಯಾಗಿದೆ," ಎಂದರು ಮೇಷ್ಟ್ರು. ರತ್ನ ಲೋಟವನ್ನು ಮೇಜಿನ ಮೇಲಿಡದೆ ಮೆಟ್ಟಿಲ ಮೇಲಿಟ್ಟು ಇಳಿದುಹೋದಳು.

ಹಬ್ಬದ ದಿನ ಡಬ್ಬಿಯನ್ನು ಮಾದಸ್ವಾಮಿಯ ಕೈಗೆ ಕೊಟ್ಟು ಕಳಿಸಿಬಿಡುವುದೆಂದು ಅಂದುಕೊಂಡಿದ್ದರು. ಅವನು ಬೈಕಿನಿಂದ ಇಳಿಯಲೇ ಇಲ್ಲ. "ನೀವೂ ಬರ್ಬೇಕು ಸಾ. ಸಾರ್‌ನ ಬುಟ್ಬುಟ್ಟು ಬಂದ್ರೆ ಒಳೀಕ್ ಸೇರ್ಸಲ್ಲ ಅಂದವ್ಳೆ ನಮ್ಮವ್ವ." ಬೀದಿಯಲ್ಲಿ ನಾಲ್ಕು ಜನ ನೋಡುತ್ತಿದ್ದರು. ಮೇಷ್ಟ್ರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತರು. ಅಗರ ಮುಟ್ಟುವ ಮೊದಲು ಕಾಲುವೆಯ ಆಚೆ ಗದ್ದೆಯ ಮೂಲೆಯಲ್ಲಿ ಸುಣ್ಣ ಬಳಿದ ಸಮಾಧಿಯೊಂದನ್ನು ಮಾದಸ್ವಾಮಿ ಬೈಕು ಓಡಿಸುತ್ತಲೇ ತೋರಿಸಿದ. "ನಮ್ಮಪ್ಪನ್ದು."

ನಡುಮನೆಯ ಗೋಡೆಗೆ ಹೊನ್ನಯ್ಯನ ಫೋಟೊ ಒರಗಿಸಿದ್ದರು. ಇದು ಮುದುಕನ ಫೋಟೊ. ಕೆಳತುಟಿ ಮುಂದೆ ಚಾಚಿ, ಫೋಟೊ ತೆಗೆದವನ ಮೇಲೇ ಸಿಟ್ಟಿದ್ದಂತಿತ್ತು. ಮುಂದೆ ಉದ್ದನೆಯ ಬಾಳೆಲೆ. ಅದರ ಮೇಲೆ ಬಿಸಿಬಿಸಿ ಮುದ್ದೆ, ಕೋಳಿಸಾರು ತುಂಬಿದ ಬಟ್ಟಲು, ವಡೆ, ಕಜ್ಜಾಯ. ಪಕ್ಕದಲ್ಲಿ ಹೊಸ ಪಂಚೆ, ಬೀಡಿಕಟ್ಟು, ಮಿಲಿಟರಿ ರಮ್ಮು. ಮೇಷ್ಟ್ರು ಮೂಗು ಮುಚ್ಚಿಕೊಳ್ಳಲಿಲ್ಲ, ಆದರೆ ಉಸಿರನ್ನು ಚಿಕ್ಕದು ಮಾಡಿಕೊಂಡರು. ಗೋವಿಂದಮ್ಮ ಡಬ್ಬಿ ತೆರೆದು ವಿಮಾನವನ್ನು ಕೈಗೆತ್ತಿಕೊಂಡಳು. ಬಹಳ ಹೊತ್ತು ನೋಡಲಿಲ್ಲ. ಸಾರಿನ ಬಟ್ಟಲಿಗೆ ಮೂಗು ತಾಗುವಷ್ಟು ಹತ್ತಿರದಲ್ಲಿ ನಿಲ್ಲಿಸಿ, "ಸಾಕು ಬುಡಿ, ಚೆಂದಾಗದೆ," ಎಂದಳು. ನೆಂಟರು ಎರಡು ಸಾಲಾಗಿ ಬಂದು ಕೈಮುಗಿದರು. ಯಾರೂ ಅಂಚಿನ ಬಿಳಿಯನ್ನು ನೋಡಲಿಲ್ಲ. ತಾವು ಅಂದುಕೊಂಡದ್ದೇ ಸರಿಯಾಯಿತಲ್ಲ ಎಂಬ ಸಮಾಧಾನ ಮೇಷ್ಟ್ರಿಗೆ ಆಯಿತು.

"ಎಲ್ಲಾರೂ ಈಚ್ಗ್ ಬನ್ನಿ," ಎಂದು ಗೋವಿಂದಮ್ಮ ಎಲ್ಲರನ್ನೂ ಹೊರಡಿಸಿ ಬಾಗಿಲು ಎಳೆದುಕೊಂಡಳು. ಸತ್ತವರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದು. ಒಳಗೆ ದೀಪ, ಎಡೆ, ಕಾಗದದ ವಿಮಾನ. ಹೊರಗೆ ಜಗಲಿಯ ಮೇಲೆ, ಬೀದಿಯ ಕಲ್ಲುಗಳ ಮೇಲೆ ಎಲ್ಲರೂ ಕುಳಿತರು. ಸಂಜೆಯ ಬೆಳಕು ಇನ್ನೂ ಇತ್ತು. ಮೇಷ್ಟ್ರಿಗೆ ಕುರ್ಚಿ ಹಾಕಿದ್ದರು. ಗೋವಿಂದಮ್ಮ ಅವರ ಕಾಲ ಬಳಿಯ ಮೆಟ್ಟಿಲ ಮೇಲೆ ಕುಳಿತಳು.

"ನಿಮ್ಮ ಯಜಮಾನರಿಗೆ ವಿಮಾನ ಅಂದರೆ ಅಷ್ಟು ಪ್ರೀತಿಯೇನಮ್ಮ?" ಏನಾದರೂ ಮಾತಾಡಬೇಕೆಂದು ಮೇಷ್ಟ್ರು ಕೇಳಿದರು.

"ಪ್ರೀತಿಯಾ?" ಗೋವಿಂದಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕಡೆಗೆ ಒತ್ತಿದಳು. "ಅದೊಂದ್ ಬುಟ್ರೆ ಈ ಬೂಮಿ ಮ್ಯಾಲೆ ಇನ್ಯಾವ್ದೂ ಆವಯ್ಯನ ಕಣ್ಗೆ ಸರ್ಯಾಗ್ ಕಾಣ್ತಿರ್ನಿಲ್ಲ ಸಾ. ಸರ್ವೀಸ್ ಮುಗಿಸ್ಕಂಡ್ ಬಂದು ಊರಲ್ಲಿ ಕೂತ. ಪಂಪ್‌ಸೆಟ್ ಕಂಡ್ರೆ ನಗೋನು. ಟಿಲ್ಲರ್ ಕಂಡ್ರೆ ಉಗಿಯೋನು. ಇವೂ ಮಿಸನ್ನಾ ಅನ್ನೋನು. ರಿಪೇರಿ ಮಾಡ್ಕೊಡಯ್ಯ ಅಂತ ಬಂದೋರ್ನ ಬಾಗ್ಲಲ್ಲೇ ನಿಲ್ಸಿ, ಸ್ಪ್ಯಾನರ್ ಇಡ್ಯಕ್ ಬರ್ದ ಮುಂಡೇವ ಅಂತ ಓಡ್ಸೋನು. ಕಡ್ಗೆ ಯಾರೂ ಬರ್ನಿಲ್ಲ. ನಾನಿಕ್ಕಿದ್ ತಟ್ಟೇನೂ ಒಂದ್ ಸುತ್ತು ತಿರುಗ್ಸಿ ನೋಡೋನು, ತಪ್ಪು ಎಲ್ಲದೆ ಅಂತ. ನೋಡಿ, ಆಮೇಲ್ ಉಣ್ಣೋನು."

ಜಗಲಿಯ ಮೇಲಿದ್ದ ಹೆಂಗಸರು ನಕ್ಕರು. ಮೇಷ್ಟ್ರು ನಗಲಿಲ್ಲ.

"ಸತ್ ಮ್ಯಾಲಾದ್ರೂ ಸುಮ್ಕಿರ್ತನೆ ಅಂದ್ರೆ, ಕನಸಲ್ ಬಂದು ಬಾಗ್ಲಲ್ ನಿಂತ್ಕತನೆ. ಅನ್ನ ಬ್ಯಾಡ, ನೀರ್ ಬ್ಯಾಡ. ಏನ್ ಬೇಕಯ್ಯಾ ಅಂದ್ರೆ ಬಾಯ್ ಬುಡಲ್ಲ. ನಂಗೊತ್ತಿಲ್ವಾ? ತಕಂಡ್ ಓಗಪ್ಪ ನಿನ್ ನೊರ್ಜ, ಮತ್ತೆ ನನ್ ತಂಟೆಗ್ ಬರ್ಬೇಡ ಅಂತವ ಮಡಗ್ಸಿವ್ನಿ. ಬಾಗ್ಲಾಕಿವ್ನಿ. ಎಷ್ಟೊತ್ ಬೇಕಾರೂ ಕೂತ್ಕಂಡ್ ನೋಡ್ಕಳ್ಳಿ."

ಸತ್ತವನು ಬಂದು ಮುದ್ದೆ ಮುರಿಯುತ್ತಾನೆಂದು ನಂಬುವಷ್ಟು ಮೇಷ್ಟ್ರ ಬುದ್ಧಿ ಕೆಟ್ಟಿರಲಿಲ್ಲ. ಆದರೂ ಅವರ ಕಣ್ಣು ಮುಚ್ಚಿದ ಬಾಗಿಲಿಗೆ ಹೋಯಿತು, ಹೋದದ್ದು ಹಿಂದಕ್ಕೆ ಬರಲಿಲ್ಲ. ಒಳಗೆ ಕೆಳತುಟಿ ಚಾಚಿದ ಮುದುಕನೊಬ್ಬ ಎಡೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದಾನೆ. ಮುದ್ದೆ ಮುಟ್ಟಿಲ್ಲ, ರಮ್ಮು ಮುಟ್ಟಿಲ್ಲ. ವಿಮಾನವನ್ನು ಎತ್ತಿಕೊಂಡು ಮೊದಲು ಹೊಟ್ಟೆ ತಿರುಗಿಸಿ ನೋಡುತ್ತಾನೆ, ಮೇಷ್ಟ್ರಾಗಿದ್ದರೂ ಮೊದಲು ನೋಡುತ್ತಿದ್ದುದು ಅದನ್ನೇ. ಚಕ್ರದ ಗೂಡಿಲ್ಲ. ಬೆರಳನ್ನು ಅಂಚಿನುದ್ದಕ್ಕೂ ಎಳೆಯುತ್ತಾನೆ. ಬಿಳಿ. ಕಿಂಡಿಯ ಕೆಳಗೆ ನೋಡುತ್ತಾನೆ. ತೇಪೆಯಿಲ್ಲ. ಯಾವ ಮುಂಡೇದು ಮಾಡಿದ್ದು ಇದನ್ನು, ಎಂದು ತಲೆಯೆತ್ತುತ್ತಾನೆ.

ಮೇಷ್ಟ್ರ ಕಿವಿ ಬಿಸಿಯಾಯಿತು. ಮೂರು ತಾಲ್ಲೂಕಿಗೆ ಸ್ಕೇಲ್ ಹಿಡಿದು ನೋಡುವವನು ಇದ್ದದ್ದು ಇವನೊಬ್ಬ. ಅವನಿಗೆ ತೋರಿಸಲೆಂದು ಕೊಟ್ಟದ್ದು ಖಾರದಪುಡಿ ಡಬ್ಬದ ಕೆಳಗಿನ ಕಾಗದವನ್ನು.

ಗೋವಿಂದಮ್ಮ ಎದ್ದು ಮೂರು ಸಲ ಬಾಗಿಲು ತಟ್ಟಿ ತೆರೆದಳು. ಮುಂದೆ ನಿಂತಿದ್ದವರು ಹಾಗೇ ನಿಂತುಬಿಟ್ಟರು. ಯಾರೋ "ಮುಟ್ಟವ್ನೆ!" ಎಂದು ಕೂಗಿ ಕೈಮುಗಿದರು. ವಿಮಾನದ ಮೂಗು ಬುಡದಿಂದ ಕಿತ್ತುಬಂದು ಕೋಳಿಸಾರಿನ ಬಟ್ಟಲಿನಲ್ಲಿ ತೇಲುತ್ತಿತ್ತು. ಮುಂಡ ಮಾತ್ರ ಎಲೆಯ ಅಂಚಿನಲ್ಲಿ ಬಾಯ್ತೆರೆದು ಕುಳಿತಿತ್ತು.

ಮೇಷ್ಟ್ರಿಗೆ ನೋಡಿದ ಕೂಡಲೇ ತಿಳಿಯಿತು. ಸಾರಿನ ಹಬೆ, ಮುಚ್ಚಿದ ಕೋಣೆ, ತೆಳುವಾದ ಕಾಗದ, ಒಳಗೆ ಆಧಾರವಿಲ್ಲ. "ಅದು ಹಬೆಗೆ ಅಂಟು..." ಎಂದು ಶುರುಮಾಡಿದರು.

ಗೋವಿಂದಮ್ಮ ಅವರನ್ನು ಮುಗಿಸಲು ಬಿಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಗಂಡನ ಫೋಟೊವನ್ನು ನೋಡಿ, ಮೂಗಿನಿಂದ ಒಂದು ನಗೆ ಬಿಟ್ಟಳು. "ನೋಡ್ರಪ್ಪ. ಸರ್ಯಾಗಿಲ್ಲ ಅಂತ ಕಿತ್ತಾಕವ್ನೆ. ಸತ್ರೂ ಬುದ್ಧಿ ಬುಡ್ನಿಲ್ಲ." ಆಮೇಲೆ ಮೇಷ್ಟ್ರ ಕಡೆಗೆ ತಿರುಗಿ, ದನಿ ತಗ್ಗಿಸಿ, "ನೀವ್ ಬೇಜಾರ್ ಮಾಡ್ಕಬ್ಯಾಡಿ ಸಾ. ನಿಮ್ದೇನೂ ತಪ್ಪಿಲ್ಲ. ಯಾರ್ ಮಾಡ್ಕೊಟ್ಟಿದ್ರೂ ಆವಯ್ಯ ಇಂಗೇಯ," ಎಂದಳು.

ಜನ ಎಡೆಯ ಅಡುಗೆಯನ್ನು ಹಂಚಿಕೊಂಡು ಉಂಡರು. ಮೇಷ್ಟ್ರು ಹೊರಗಡೆ ತಾವು ಏನೂ ತಿನ್ನುವುದಿಲ್ಲ ಎಂದು ಹೇಳಿ ಬಾಳೆಹಣ್ಣು ಮಾತ್ರ ತೆಗೆದುಕೊಂಡರು. ವಿಮಾನವನ್ನು ಗೋವಿಂದಮ್ಮ ಇಲಿಯನ್ನು ಹಿಡಿದಂತೆ ಬಾಲದಲ್ಲಿ ಹಿಡಿದು ಹಿತ್ತಲಿಗೆ ಒಯ್ದು ಎಂಜಲೆಲೆಗಳ ಮೇಲೆ ಬಿಸಾಡಿದ್ದನ್ನು, ಬೈಕು ಹತ್ತುವಾಗ ನೋಡಿದರು.

"ಹೆಂಗಾಯ್ತು?" ಎಂದು ರತ್ನ ಕೇಳಿದಳು.

"ಆಯ್ತು," ಎಂದು ಮಹಡಿ ಹತ್ತಿ, ಬೀರುವಿನ ಮುಂದೆ ನಿಂತರು. ಗ್ನ್ಯಾಟ್ ತನ್ನ ಗಿಡ್ಡ ಕಾಲುಗಳ ಮೇಲೆ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿ, ಎಲ್ಲಿ ನೋಡಿದರೂ ತಪ್ಪಿಲ್ಲದೆ ನಿಂತಿತ್ತು. ಪಶ್ಚಾತ್ತಾಪ ಅಂಥದ್ದೇನೂ ಮೇಷ್ಟ್ರಿಗೆ ಆಗಲಿಲ್ಲ. ತಮ್ಮ ಕೈಕೆಲಸವೆಂದು ಹೊನ್ನಯ್ಯನೊಬ್ಬನ ಎದುರಿಗೆ ಹೋಗಿ ನಿಂತದ್ದು ಆ ದರಿದ್ರ ವಿಮಾನ, ಇದಲ್ಲ. ಅದನ್ನು ಅವರಿಂದ ನುಂಗಲು ಆಗಲಿಲ್ಲ.

ಮಾರನೆಯ ದಿನ ಯಳಂದೂರಿನ ಬಸ್ಸು ಹತ್ತಿದರು. ಮಡಿಲಲ್ಲಿ ದೊಡ್ಡ ಡಬ್ಬಿ. ಪಕ್ಕದಲ್ಲಿ ಕುಳಿತವನು, "ಕೇಕಾ ಸಾ?" ಎಂದ. ಮೇಷ್ಟ್ರು ಹೌದು ಎಂದರು. ಅವನಿಗೆ ತಿಳಿಹೇಳುವುದಕ್ಕಿಂತ ಅದು ಕೇಕು ಆಗುವುದೇ ಸುಲಭವಾಗಿತ್ತು.

ಊರ ಮುಂದೆ ಇಳಿದು, ಮನೆಯ ಕಡೆಗೆ ಹೋಗದೆ ಕಾಲುವೆಯ ಏರಿ ಹಿಡಿದು ನಡೆದರು. ಗದ್ದೆಯಲ್ಲಿ ಪೈರು ಮೊಣಕಾಲುದ್ದ ಬೆಳೆದಿತ್ತು. ಬಿಳಿಗಿರಿರಂಗನ ಬೆಟ್ಟದ ಮೇಲೆ ಮೋಡದ ನೆರಳು ಓಡುತ್ತಿತ್ತು. ಸಮಾಧಿಯ ಮೇಲೆ ನಿನ್ನೆಯ ಚೆಂಡುಹೂ ಬಾಡಿ ಬಿದ್ದಿದ್ದವು. ಅವನ್ನು ಕೈಯಿಂದ ಸರಿಸಿ, ಕರವಸ್ತ್ರದಿಂದ ಸಿಮೆಂಟನ್ನು ಒರೆಸಿ, ಮೇಷ್ಟ್ರು ಡಬ್ಬಿಯಿಂದ ವಿಮಾನವನ್ನು ಎತ್ತಿ ಇಟ್ಟರು. ಇಟ್ಟು ಎರಡು ಹೆಜ್ಜೆ ಹಿಂದೆ ಸರಿದಾಗ ಬದುವಿನ ಕೆಳಗಿಂದ ಗೋವಿಂದಮ್ಮ ಎದ್ದುನಿಂತಳು. ಒಂದು ಕೈಯಲ್ಲಿ ಕುಡುಗೋಲು, ಇನ್ನೊಂದರಲ್ಲಿ ಹಸಿಹುಲ್ಲು.

ಅವಳು ಹತ್ತಿರ ಬಂದು ವಿಮಾನವನ್ನು ನೋಡಿದಳು. ನಿನ್ನೆ ನೋಡಿದ ಹಾಗಲ್ಲ, ನಿಧಾನವಾಗಿ ಸುತ್ತು ಹಾಕಿ ನೋಡಿದಳು.

"ಇದು ಮನೇಲಿತ್ತಾ ಸಾ?"

"ಇತ್ತು."

"ನೆನ್ನೇನೂ?"

"ನಿನ್ನೆಯೂ ಇತ್ತು."

ಗೋವಿಂದಮ್ಮ ಮೇಷ್ಟ್ರ ಮುಖವನ್ನು ಸಂತೆಯಲ್ಲಿ ಬದನೆಕಾಯಿ ನೋಡುವಂತೆ ನೋಡಿ, ಅಲ್ಲೇ ಬಿಟ್ಟಳು. "ಆವಯ್ಯ ಇರವಾಗ್ಲೇ ನೀವ್ ಬರ್ಬೇಕಿತ್ತು ಸಾ. ಇಬ್ರೂ ಚೆನ್ನಾಗ್ ಜೋಡಿಯಾಗಿರ್ತಿದ್ರಿ."

ಅವಳು ಹುಲ್ಲಿನ ಕೈಯನ್ನು ಸೀರೆಗೆ ಒರೆಸಿಕೊಳ್ಳದೆಯೇ ಬಗ್ಗಿ ಗಾಜಿನ ಗುಮ್ಮಟಕ್ಕೆ ಬೆರಳು ತಾಗಿಸಿದಳು. ಗಾಜಿನ ಮೇಲೆ ಹಸಿರು ಗುರುತು ಬಿತ್ತು. ಮೇಷ್ಟ್ರು ಒರೆಸಲು ಹೋಗಲಿಲ್ಲ.

"ಇದ್ರೊಳ್ಗೆ ಕೂತ್ಕತಿದ್ನಾ?"

"ಇಲ್ಲಮ್ಮ. ಅಲ್ಲಿ ಪೈಲಟ್ ಕೂರೋದು. ಒಂದೇ ಸೀಟು."

"ಆವಯ್ಯ ಎಲ್ ಕೂತ್ಕತಿದ್ದ ಅಂಗಾರೆ?"

"ಅವರು ಹಾರುತ್ತಿರಲಿಲ್ಲ. ಕೆಳಗೆ, ನೆಲದ ಮೇಲೆ ಇರೋರು. ಎಲ್ಲಾ ಸರಿ ಇದೆಯಾ ಅಂತ ನೋಡಿ ಕಳಿಸೋರು. ಬಂದಮೇಲೆ ಉರುಳದ ಹಾಗೆ ಚಕ್ರಕ್ಕೆ ಅಡ್ಡ ಕೊಟ್ಟು ಮತ್ತೆ ನೋಡೋರು."

ಗೋವಿಂದಮ್ಮ ಗಾಜಿನಿಂದ ಬೆರಳು ತೆಗೆದಳು. "ಒಂದ್ ದಿವ್ಸಾನೂ ಆರ್ನಿಲ್ಲವಾ?"

"ಇದರಲ್ಲಿ ಸಾಧ್ಯವಿಲ್ಲ."

"ಆರ್ದೋರು ಬೇರೆಯವ್ರು."

"ಹೌದು."

"ಬರ್ತರೋ ಇಲ್ವೋ ಅಂತ ಕೆಳ್ಗೆ ಕಾಯ್ಕಂಡ್ ಕೂತಿರ್ತಿದ್ದ." ಅವಳು ಅದನ್ನು ಕೇಳಲಿಲ್ಲ, ಹೇಳಿದಳು. ಇಷ್ಟು ವರ್ಷ ಅವಳು ಗಂಡನನ್ನು ಯಾವ ಮೋಡದ ಮೇಲೆ ಇಟ್ಟು ಬೈದುಕೊಂಡಿದ್ದಳೋ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅವಳ ಮುಖದಲ್ಲಿ ಅವರಿಗೆ ಓದಲು ಬರುವಂಥದ್ದೇನೂ ಇರಲಿಲ್ಲ.

ಬೆಟ್ಟದ ಕಡೆಯಿಂದ ಗಾಳಿ ಬಂತು. ಪೈರು ಒಂದು ಕಡೆಗೆ ಮಲಗಿ ಎದ್ದಿತು. ಸಮಾಧಿಯ ಮೇಲೆ ವಿಮಾನ ಅಲುಗಾಡಿ ಒಂದು ಬೆರಳಷ್ಟು ಮುಂದಕ್ಕೆ ಉರುಳಿತು. ಮೇಷ್ಟ್ರು ಕೈ ಚಾಚುವುದರೊಳಗೆ ಗೋವಿಂದಮ್ಮ ಕುಡುಗೋಲು ಕೆಳಗಿಟ್ಟು ಬದುವಿನಿಂದ ಎರಡು ಕಲ್ಲುಚೂರು ಆಯ್ದಳು. ಮೊಣಕಾಲೂರಿ ಕುಳಿತು, ಒಂದನ್ನು ಚಕ್ರದ ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಒತ್ತಿ ಇಟ್ಟಳು. ಆಮೇಲೆ ಕುಡುಗೋಲು ಎತ್ತಿಕೊಂಡು, ಬದುವಿನ ಕೆಳಗಿದ್ದ ಹುಲ್ಲಿನ ಹೊರೆ ತಲೆಗೇರಿಸಿಕೊಂಡು, ತಿರುಗಿ ನೋಡದೆ ಬದುವಿನ ಮೇಲೆ ನಡೆದುಹೋದಳು.

ಮತ್ತೆ ಗಾಳಿ ಬೀಸಿತು. ರೆಕ್ಕೆಗಳು ನಡುಗಿದವು. ಚಕ್ರ ಕಲ್ಲಿಗೆ ಒತ್ತಿಕೊಂಡು ನಿಂತಿತು.